ನಿಮ್ಮ ಮನೆಯ ಹಾಡಿನ ತಟ್ಟೆ ಯಾವುದು?

1930ರ ದಶಕದ ಆರಂಭದಲ್ಲಿ ಗದಗದ ಬಾಲಕನೊಬ್ಬನು ಗ್ರಾಮಫೋನಿನ ತುತ್ತೂರಿಯಿಂದ ಹೊರಟ ಒಂದು ಠುಮರಿಯನ್ನು ಕೇಳಿದನು. ಹಾಡಿದವರು ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಮ್ ಖಾನರು, ರಾಗ ಝಿಂಝೋಟಿ, ತಟ್ಟೆಯ ಒಂದು ಮಗ್ಗುಲು ಮುಗಿಯಲು ಹಿಡಿಯುವ ಕಾಲ ಮೂರು ನಿಮಿಷದ ಆಸುಪಾಸು. ಅಷ್ಟು ಹೊತ್ತಿನ ಹಾಡು ಹುಡುಗನ ನಿದ್ದೆಗೆಡಿಸಿತು. ಹಾಗೆ ಹಾಡಲು ಕಲಿಸಬಲ್ಲ ಗುರುವನ್ನು ಅರಸಿ, 1933ರಲ್ಲಿ, ಹನ್ನೊಂದರ ಹರೆಯದಲ್ಲಿ ಅವನು ಮನೆ ಬಿಟ್ಟನು. ಉತ್ತರದ ಊರೂರು ಅಲೆದು ಬಂದವನಿಗೆ ಕೊನೆಗೆ ಗುರು ದೊರೆತದ್ದು ಹುಟ್ಟಿದ ನೆಲದಲ್ಲಿಯೇ. ಕುಂದಗೋಳದ ಸವಾಯಿ ಗಂಧರ್ವರು ಅದೇ ಖಾನ್ ಸಾಹೇಬರ ಶಿಷ್ಯರಾಗಿದ್ದರು. ಆ ಬಾಲಕನೇ ಮುಂದೆ ಭಾರತರತ್ನರಾದ ಪಂಡಿತ ಭೀಮಸೇನ ಜೋಶಿ.

ಈ ಕಥೆಯನ್ನು ಸಾಮಾನ್ಯವಾಗಿ ಹುಡುಗನ ಛಲಕ್ಕೆ ನಿದರ್ಶನವೆಂದು ಹೇಳುತ್ತಾರೆ. ನನಗೆ ಅದರಲ್ಲಿ ಕಾಣುವುದು ಬೇರೊಂದು ಸಂಗತಿ. ಆ ತಟ್ಟೆ ಅವನದಲ್ಲ. ಮತ್ತೊಬ್ಬರು ತಮಗೆ ಬೇಕೆನಿಸಿದ್ದನ್ನು ಹಾಕಿದರು, ಅದು ಇವನ ಕಿವಿಗೂ ಬಿತ್ತು. ಸಂಗೀತದ ಅಭಿರುಚಿ ಎಂಬುದು ಬಹುಪಾಲು ಹೀಗೆಯೇ, ಇನ್ನೊಬ್ಬರ ಮೆಚ್ಚುಗೆಯ ದಾರಿಯಿಂದ ನಮ್ಮೊಳಗೆ ಬರುತ್ತದೆ.

ನಾರಾಯಣಪೇಟೆ, ಮಕ್ತಲ, ಗದ್ವಾಲ ಪ್ರಾಂತದ ಕನ್ನಡ ಕುಟುಂಬಗಳಲ್ಲಿ ಅಟ್ಟದ ಮೇಲೋ ಹಳೆಯ ಟ್ರಂಕಿನ ತಳದಲ್ಲೋ ನಾಲ್ಕಾರು ರಿಕಾರ್ಡುಗಳನ್ನು ಉಳಿಸಿಕೊಂಡಿರುವ ಮನೆಗಳು ಇನ್ನೂ ಇವೆ. ಯಂತ್ರ ಕೆಟ್ಟು ಎಷ್ಟೋ ಕಾಲವಾಗಿರುತ್ತದೆ. ತಟ್ಟೆಗಳನ್ನು ಗುಜರಿಯವನಿಗೆ ತೂಕಕ್ಕೆ ಹಾಕುವವರೂ ಉಂಟು, ಬಿಸಿ ಮಾಡಿ ಬಟ್ಟಲಿನಂತೆ ಬಗ್ಗಿಸಿ ಗೋಡೆಯ ಅಲಂಕಾರಕ್ಕೆ ಇಡುವವರೂ ಉಂಟು. ತಟ್ಟೆ ಹೋದರೆ ಅದರಲ್ಲಿದ್ದ ಹಾಡು ಬೇರೆಲ್ಲಾದರೂ ಸಿಕ್ಕೀತು. ಆದರೆ ಅದನ್ನೇ ಏಕೆ ಕೊಂಡರು, ರಾಯಚೂರಿನಿಂದ ಅದನ್ನು ಒಡೆಯದಂತೆ ಹೇಗೆ ತಂದರು, ಯಾರು ಬಂದಾಗ ಅದನ್ನು ಹಾಕುತ್ತಿದ್ದರು ಎಂಬುದನ್ನು ಬಲ್ಲ ಅಜ್ಜ ಅಜ್ಜಿಯರು ಒಬ್ಬೊಬ್ಬರಾಗಿ ಇಲ್ಲವಾಗುತ್ತಿದ್ದಾರೆ. ಆ ಮಾತು ಬೇರೆ ಯಾವ ಅಂಗಡಿಯಲ್ಲಿಯೂ ದೊರೆಯುವಂತಿಲ್ಲ.

ಸ್ವಂತ ಗ್ರಾಮಫೋನು ಇದ್ದ ಮನೆಗಳು ಒಂದು ಕಾಲಕ್ಕೆ ಊರಿಗೆ ಒಂದೋ ಎರಡೋ. ಉಳಿದವರ ಪಾಲಿಗೆ ಹಾಡಿನ ತಟ್ಟೆ ಎಂದರೆ ಮದುವೆಯ ಚಪ್ಪರದ ಮೈಕ್ ಸೆಟ್ಟು, ಜಾತ್ರೆಯ ಧ್ವನಿವರ್ಧಕ, ಟೂರಿಂಗ್ ಟಾಕೀಸಿನಲ್ಲಿ ಆಟಕ್ಕೆ ಮುನ್ನ ಹಾಕುತ್ತಿದ್ದ ಭಕ್ತಿಗೀತೆ. ಮೈಕಿನವನ ಪೆಟ್ಟಿಗೆಯಲ್ಲಿ ಘಂಟಸಾಲರ ತೆಲುಗು ಹಾಡಿನ ಬೆನ್ನಿಗೆ ಪಿ.ಬಿ. ಶ್ರೀನಿವಾಸರ ಕನ್ನಡ ಹಾಡು ಇರುತ್ತಿತ್ತು. ಹೆಣ್ಣಿನ ಕಡೆಯವರು ಒಂದನ್ನು ಕೇಳಿದರೆ ಗಂಡಿನ ಕಡೆಯವರು ಇನ್ನೊಂದನ್ನು ಕೇಳುವರು. 1956ರ ನವೆಂಬರ್ 1ರಂದು ಹೈದರಾಬಾದು ಸಂಸ್ಥಾನದ ಭೂಮಿ ಭಾಷೆಗಳ ಆಧಾರದ ಮೇಲೆ ಹಂಚಿಹೋಗಿ ರಾಯಚೂರು ಅತ್ತ ಉಳಿದು ನಾವು ಇತ್ತ ಉಳಿದೆವು. ಮೈಕಿನವನ ಪೆಟ್ಟಿಗೆ ಮಾತ್ರ ಈ ವಿಭಜನೆಗೆ ಒಳಪಡಲಿಲ್ಲ.

ತಟ್ಟೆಯ ಬಗೆಗೆ ಮಕ್ಕಳು ಕೇಳಿಯಾರೆಂದು ಎರಡು ಮಾತು. ಭಾರತದ ಕಂಠಗಳನ್ನು ವ್ಯಾಪಾರಕ್ಕಾಗಿ ಮುದ್ರಿಸುವ ಕೆಲಸ ದೊಡ್ಡದಾಗಿ ಆರಂಭವಾದದ್ದು 1902ರ ನವೆಂಬರಿನಲ್ಲಿ, ಕಲಕತ್ತೆಯಲ್ಲಿ. ಆಗ ಹಾಡಿದವರಲ್ಲಿ ಗೌಹರ್ ಜಾನ್ ಪ್ರಮುಖರು. ಹಾಡು ಮುಗಿದೊಡನೆ ಅವರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ತಟ್ಟೆಗಳನ್ನು ಒತ್ತುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನ ಕೆಲಸಗಾರರಿಗೆ ಯಾರ ಹಾಡೆಂದು ತಿಳಿಯಬೇಕಲ್ಲ! ಅದೇ ಗೌಹರ್ ಜಾನ್ ಬಾಳಿನ ಕೊನೆಯಲ್ಲಿ ಮೈಸೂರು ಅರಮನೆಯ ಆಶ್ರಯ ಪಡೆದು 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಆ ಕಾಲದ ತಟ್ಟೆಯ ಮುಖ್ಯ ದ್ರವ್ಯ ಅರಗು. ಪಾಂಡವರ ಅರಗಿನ ಮನೆಯ ಕಥೆ ಓದಿದವರಿಗೆ, ಹೈದರಾಬಾದಿನ ಅರಗಿನ ಬಳೆ ತೊಟ್ಟವರಿಗೆ ಅದು ಅಪರಿಚಿತವಲ್ಲ. ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ಆ ತಟ್ಟೆ ಕೈತಪ್ಪಿದರೆ ಚೂರು. 1948ರಲ್ಲಿ ಅಮೆರಿಕದಲ್ಲಿ ವಿನೈಲ್ ಎಂಬ ಪ್ಲಾಸ್ಟಿಕ್ಕಿನ ಎಲ್.ಪಿ. ಬಂದಿತು: ಹನ್ನೆರಡು ಅಂಗುಲದ ಅಗಲ, ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಮಿಕ್ಕಿದ ಸಂಗೀತ. ಹಳೆಯ ತಟ್ಟೆಗಾಗಿ ಗಂಟೆಯ ರಾಗವನ್ನು ಮೂರು ನಿಮಿಷಕ್ಕೆ ಬಟ್ಟಿಯಿಳಿಸುತ್ತಿದ್ದ ಗಾಯಕರಿಗೆ ಆಗ ಸ್ವಲ್ಪ ಉಸಿರಾಡಲು ಎಡೆಯಾಯಿತು. ಆದರೂ ಬಟ್ಟಿಯಿಳಿಸಿದ್ದರ ಘಮವೇ ಬೇರೆ ಎನ್ನುವ ರಸಿಕರ ಪಕ್ಷಕ್ಕೆ ನಾನು ಸೇರಿದವನು.

ಮೆಚ್ಚಿನ ತಟ್ಟೆಯ ಮಾತೆತ್ತಿದ ಮೇಲೆ ಬರೆಯುವವನು ತನ್ನದನ್ನು ಮುಚ್ಚಿಡುವುದು ನ್ಯಾಯವಲ್ಲ.

ನಾನು ಮೊದಲು ಮುಂದಿಡುವುದು ಗಂಗೂಬಾಯಿ ಹಾನಗಲ್ಲರ ಮೊದಮೊದಲ 78ರ ತಟ್ಟೆಗಳನ್ನು. 1930ರ ದಶಕದಲ್ಲಿ, ಇನ್ನೂ ಇಪ್ಪತ್ತರ ಆಸುಪಾಸಿನಲ್ಲಿದ್ದಾಗ, ಎಚ್.ಎಂ.ವಿ. ಕಂಪನಿಗಾಗಿ ಅವರು ಹಾಡಿದ ಈ ತಟ್ಟೆಗಳ ಮೇಲೆ ಅಚ್ಚಾಗಿರುವ ಹೆಸರು ಗಂಗೂಬಾಯಿ ಎಂದಲ್ಲ, ಗಾಂಧಾರಿ ಎಂದು. ನಮ್ಮ ತಲೆಮಾರು ಬಲ್ಲ ಗಂಗೂಬಾಯಿಯವರ ದನಿ ಗಂಭೀರ. ಕಣ್ಣು ಮುಚ್ಚಿ ಕೇಳಿದರೆ ಗಂಡಸೇ ಹಾಡುತ್ತಿರುವರೆನಿಸುವಷ್ಟು ಗಡುಸು. ಗಾಂಧಾರಿಯ ದನಿಯಾದರೋ ತೆಳು, ಎತ್ತರ, ಎಳೆಯ ಬಿದಿರಿನಂತಹದು. ಗಂಟಲಿನ ಚಿಕಿತ್ಸೆಯ ತರುವಾಯ ಅವರ ಕಂಠ ಬದಲಾಯಿತು. ಬೇರೆಯವರಾಗಿದ್ದರೆ ಹಾಡುವುದನ್ನೇ ಬಿಡುತ್ತಿದ್ದರೇನೋ. ಅವರು ಬಂದ ಹೊಸ ದನಿಯನ್ನೇ ಪಳಗಿಸಿ ಕಿರಾನಾ ಗಾಯಕಿಗೆ ಬೇರೊಂದು ಘನತೆ ತಂದುಕೊಟ್ಟರು. ಹಳೆಯ ದನಿಯನ್ನು ಇಂದು ಕೇಳಬೇಕೆಂದರೆ ಆ ಅರಗಿನ ತಟ್ಟೆಗಳೇ ಗತಿ. ಒಂದು ಹಳೆಯ ತಟ್ಟೆಯನ್ನೂ, ಮುಂದೆ ಎಲ್.ಪಿ.ಯಲ್ಲಿ ಬಂದ ಅವರ ಗಾಯನವನ್ನೂ ಒಂದರ ಹಿಂದೆ ಒಂದು ಹಾಕಿ, ಇಬ್ಬರು ಯಾರೆಂದು ಮಕ್ಕಳನ್ನು ಕೇಳಿ ನೋಡಿರಿ. ಒಬ್ಬರೇ ಎಂದರೆ ಅವರು ಸುಲಭವಾಗಿ ನಂಬಲಾರರು.

ಎರಡನೆಯದು ಚಿತ್ರಗೀತೆಗಳ ತಟ್ಟೆ. 1977ರ ‘ಸನಾದಿ ಅಪ್ಪಣ್ಣ’. ಶಾಸ್ತ್ರೀಯದ ಪಕ್ಕದಲ್ಲಿ ಸಿನಿಮಾ ಏಕೆ ಎಂದು ಹುಬ್ಬೇರಿಸುವವರಿಗೆ ಇಷ್ಟು ಹೇಳಬಹುದು: ಆ ಚಿತ್ರದಲ್ಲಿ ರಾಜಕುಮಾರರ ಕೈಯಲ್ಲಿ ಕಾಣುವ ವಾದ್ಯದ ನಾದ ಕಾಶಿಯ ಉಸ್ತಾದ್ ಬಿಸ್ಮಿಲ್ಲಾ ಖಾನರದು, ಸಂಗೀತ ಸಂಯೋಜನೆ ಜಿ.ಕೆ. ವೆಂಕಟೇಶರದು. ನಮ್ಮ ಕಡೆಯ ಮದುವೆಗಳಲ್ಲಿ ಊದುವ ವಾದ್ಯವನ್ನು ತೆಲುಗಿನ ನೆರೆಯವರು ಸನ್ನಾಯಿ ಎಂದರೆ ನಾವು ಸನಾದಿ ಎನ್ನುತ್ತೇವೆ; ಉತ್ತರದವರ ಶಹನಾಯಿಯೂ ಅದೇ ಬಳಗದ್ದು. ಕಾಶಿಯ ಗಂಗೆಯ ದಡದಲ್ಲಿ ನುಡಿಸುತ್ತಿದ್ದವರು ನಮ್ಮ ಹಳ್ಳಿಯ ಊದುವವನಿಗಾಗಿ ಉಸಿರು ಕೊಟ್ಟರೆಂಬುದು ನನಗೆ ಇಂದಿಗೂ ಬೆರಗು. ಪಾರಿವಾಳ ಹಾರಿದಂತೆ ಸ್ವರ ಮೇಲೇರುವ ಎಡೆಯಲ್ಲಿ ವಾದ್ಯವೂ ಹೆಣ್ಣುದನಿಯೂ ಒಂದನ್ನೊಂದು ಅಟ್ಟಿಸಿಕೊಂಡು ಹೋಗುವುದನ್ನು ಕಿವಿಗೊಟ್ಟು ಕೇಳಬೇಕು.

ಇದೇ ಮಾತಿನಲ್ಲಿ ಪಿ.ಬಿ. ಶ್ರೀನಿವಾಸರನ್ನೂ ನೆನೆಯದೆ ಇರಲಾಗದು. ಅವರು ಹುಟ್ಟಿದ್ದು 1930ರಲ್ಲಿ ಕಾಕಿನಾಡದಲ್ಲಿ. ಆಂಧ್ರದ ಈ ಗಾಯಕರ ಕಂಠವನ್ನೇ ಕನ್ನಡದ ಜನ ಬಹುಕಾಲ ರಾಜಕುಮಾರರದೆಂದು ಮನಸ್ಸಿನಲ್ಲಿ ಇರಿಸಿಕೊಂಡಿದ್ದರು. ಶಾಲೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಎಂದು ದಿನಕ್ಕೆರಡು ಬಾರಿ ನಾಲಗೆ ಹೊರಳಿಸುವ ನಮ್ಮ ಮಕ್ಕಳಿಗೆ ಅವರ ಉಚ್ಚಾರದ ಶುದ್ಧಿಯನ್ನು ಕೇಳಿಸಬೇಕು. ವ್ಯಾಕರಣದ ಪಾಠಕ್ಕಿಂತ ಅದು ಬೇಗ ನಾಟುತ್ತದೆ.

ಮೂರನೆಯದಾಗಿ ಯಾವುದನ್ನು ಹೆಸರಿಸಲೆಂದು ತೂಗಿ ನೋಡಿದೆ. ಅ.ನ.ಕೃ. ಅವರ ಕಾದಂಬರಿಯಿಂದ ಬಂದ 1966ರ ‘ಸಂಧ್ಯಾರಾಗ’ ಚಿತ್ರದಲ್ಲಿ ಭೀಮಸೇನ ಜೋಶಿ, ಬಾಲಮುರಳಿಕೃಷ್ಣ ಇಬ್ಬರೂ ಹಾಡಿದ್ದಾರೆ. ಹಿಂದುಸ್ತಾನಿ ಕರ್ನಾಟಕ ಎರಡೂ ಪದ್ಧತಿಗಳ ಘನ ಕಂಠಗಳು ಒಂದೇ ಚಿತ್ರದಲ್ಲಿ ಕನ್ನಡಕ್ಕೆ ದೊರೆತದ್ದು ಅಪರೂಪದ ಯೋಗ. ಮಲ್ಲಿಕಾರ್ಜುನ ಮನಸೂರರು ಹಾಡಿದ ವಚನಗಳೂ ಇವೆ. ಕೊನೆಗೆ ನನ್ನ ಕೈ ಹೋದದ್ದು ಜೋಶಿಯವರ ದಾಸವಾಣಿಯ ಕಡೆಗೆ. ಕಾರಣ ಸಂಗೀತ ಮಾತ್ರವಲ್ಲ. ದಾಸಸಾಹಿತ್ಯ ನಮಗೆ ದೂರದಿಂದ ಬಂದ ವಸ್ತುವಲ್ಲ. ವಿಜಯದಾಸರ ಶಿಷ್ಯರಾದ ಗೋಪಾಲದಾಸರು ನೆಲೆಸಿದ ಉತ್ತನೂರು ಇರುವುದು ಇದೇ ಗದ್ವಾಲ ಸೀಮೆಯಲ್ಲಿ, ಕೃಷ್ಣೆ ತುಂಗಭದ್ರೆಯರ ನಡುವಣ ನಡಿಗಡ್ಡೆಯಲ್ಲಿ. ದಾಸರ ಪದಗಳನ್ನು ಅಜ್ಜಿಯರಿಂದ ಒಂದು ಧಾಟಿಯಲ್ಲಿ ಕೇಳಿ ಬೆಳೆದ ಮಕ್ಕಳು ಆ ತಟ್ಟೆಯನ್ನು ಕೇಳಿ, ನಮ್ಮ ಮನೆಯ ಧಾಟಿ ಹೀಗಿಲ್ಲ ಎಂದರೆ ಅದು ಬಹು ಒಳ್ಳೆಯ ಆರಂಭ. ಯಾವುದು ಚೆಂದ, ಏಕೆ ಚೆಂದ ಎಂಬ ವಾದ ಅಲ್ಲಿಂದ ಹುಟ್ಟುತ್ತದೆ.

ಇಂತಹ ವಾದಕ್ಕಾಗಿಯೇ ಸೇರುವ ಜನರಿದ್ದಾರೆ. 1990ರಲ್ಲಿ ಮುಂಬಯಿಯಲ್ಲಿ ಹಳೆಯ ತಟ್ಟೆಗಳ ಸಂಗ್ರಾಹಕರು ‘ಸೊಸೈಟಿ ಆಫ್ ಇಂಡಿಯನ್ ರೆಕಾರ್ಡ್ ಕಲೆಕ್ಟರ್ಸ್’ ಎಂಬ ಸಂಘವನ್ನು ಕಟ್ಟಿಕೊಂಡರು. ಒಬ್ಬರು ತಮ್ಮ ಸಂಗ್ರಹದಿಂದ ಕೆಲವು ತಟ್ಟೆಗಳನ್ನು ಆರಿಸಿ ತಂದು ಉಳಿದವರಿಗೆ ಕೇಳಿಸುವುದು, ಹಾಡಿದವರ ವಿಚಾರ ಹೇಳುವುದು ಅವರ ಕೂಟಗಳ ರೀತಿ. ‘ದಿ ರೆಕಾರ್ಡ್ ನ್ಯೂಸ್’ ಎಂಬ ಪತ್ರಿಕೆಯನ್ನೂ ಅವರು ತಂದರು. ತೆಲುಗು ಮನೆತನದ ವಿ.ಎ.ಕೆ. ರಂಗರಾವ್ ಅವರು ಚೆನ್ನೈನಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು 78ರ ತಟ್ಟೆಗಳನ್ನು ಕೂಡಿಹಾಕಿ ಹೆಸರಾದರು. ನಮಗೆ ಸಾವಿರಗಳ ಮಾತು ಬೇಡ. ಆರು ಮನೆಗಳಿಂದ ಆರು ತಟ್ಟೆ ಬಂದರೆ ಒಂದು ಸಂಜೆಗೆ ಧಾರಾಳವಾಯಿತು.

ನಮ್ಮ ಕನ್ನಡ ಶಾಲೆಗಳ ಪಾಲಕರು ಇದನ್ನು ಮಾಡಿ ನೋಡಬಹುದು. ತಿರುಗುವ ಯಂತ್ರ ಯಾರಲ್ಲಿಯೂ ಸುಸ್ಥಿತಿಯಲ್ಲಿ ಇಲ್ಲವಾದರೆ ತಟ್ಟೆಯನ್ನು ಎದುರಿಗಿಟ್ಟು ಅದೇ ಹಾಡನ್ನು ಮೊಬೈಲಿನಿಂದ ಕೇಳಿಸಿದರೂ ನಡೆದೀತು. ಕಟ್ಟುನಿಟ್ಟಿನ ರಸಿಕರು ಮುನಿಸಿಕೊಂಡರೆ ಕೊಳ್ಳಲಿ. ಕ್ಯಾಸೆಟ್ಟನ್ನೂ ಹೊರಗಿಡಬಾರದು. ಕೆ.ಎಸ್. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಬಂದದ್ದು ಕ್ಯಾಸೆಟ್ಟಾಗಿಯೇ. ಭಾವಗೀತೆ ಮನೆಮನೆ ಸೇರಿದ್ದು ಹೆಚ್ಚಾಗಿ ಆ ದಾರಿಯಿಂದ. ಹಾಡು ಕನ್ನಡದ್ದೇ ಆಗಬೇಕೆಂಬ ಕಟ್ಟಳೆಯೂ ಬೇಡ. ಹುಡುಗನೊಬ್ಬ ಹೊಸ ತೆಲುಗು ಚಿತ್ರದ ಹಾಡನ್ನು ತಂದರೆ ಎಲ್ಲರೂ ಕೂತು ಪೂರ್ತಿಯಾಗಿ ಕೇಳಬೇಕು, ಅಜ್ಜಂದಿರು ನಡುವೆ ಎದ್ದುಹೋಗಕೂಡದು. ನಿಯಮ ಒಂದೇ ಸಾಕು: ತಂದವರು ಅದು ತಮಗೇಕೆ ಮೆಚ್ಚೆಂಬುದನ್ನು ಕನ್ನಡದಲ್ಲಿ ಹೇಳಬೇಕು. ‘ಸೂಪರ್’ ಎಂಬ ಒಂದೇ ಪದಕ್ಕೆ ಬಿಟ್ಟುಬಿಡಬಾರದು. ಯಾವ ತಿರುವು, ಯಾವ ವಾದ್ಯ, ಯಾವ ಮಾತು? ಪರೀಕ್ಷೆಯಲ್ಲಿ ಪ್ರಬಂಧ ಬರೆಯಬಲ್ಲ ಮಕ್ಕಳೂ ಇಲ್ಲಿ ತಡವರಿಸುತ್ತಾರೆ, ಏಕೆಂದರೆ ಪಠ್ಯದ ಕನ್ನಡದಲ್ಲಿ ತಮ್ಮ ಇಷ್ಟವನ್ನು ಹೇಳುವ ಸಂದರ್ಭವೇ ಅವರಿಗೆ ಒದಗಿರುವುದಿಲ್ಲ. ತಡವರಿಸಲಿ. ಎರಡನೆಯ ಸಲ ಬರುವಾಗ ಮಾತನ್ನು ಸಿದ್ಧಮಾಡಿಕೊಂಡು ಬರುತ್ತಾರೆ.

ತಟ್ಟೆಗಳನ್ನು ಕೆಳಗಿಳಿಸುವ ಮನೆಯವರಿಗೆ ಕೆಲವು ಎಚ್ಚರಿಕೆ. ಭಾರವಾಗಿ ಬಿರುಸಾಗಿರುವ, ಮಗ್ಗುಲಿಗೆ ಒಂದೇ ಹಾಡಿರುವ ತಟ್ಟೆ ಅರಗಿನದಾಗಿರುವುದು ಹೆಚ್ಚು. ಅದನ್ನು ಸ್ಪಿರಿಟ್ಟಿನಿಂದ ಒರೆಸಿದರೆ ಅರಗು ಕರಗಿ ಗೆರೆಗಳೇ ಅಳಿಸಿಹೋಗುತ್ತವೆ. ಶುದ್ಧ ನೀರಿನಲ್ಲಿ ಅದ್ದಿ ಹಿಂಡಿದ ಮೆತ್ತನೆಯ ಬಟ್ಟೆಯಿಂದ, ನಡುವಣ ಲೇಬಲ್ಲು ತೋಯದಂತೆ, ಗೆರೆಯ ಗುಂಟ ಒರೆಸಬೇಕು. ಎಲ್.ಪಿ.ಯನ್ನು ಕೀಲಿ ಕೊಡುವ ಹಳೆಯ ಗ್ರಾಮಫೋನಿಗೆ ಹಾಕಲೇಬಾರದು. ಅದರ ಉಕ್ಕಿನ ಮುಳ್ಳು ಒಂದೇ ಸುತ್ತಿನಲ್ಲಿ ವಿನೈಲನ್ನು ಉತ್ತುಬಿಡುತ್ತದೆ. ನಮ್ಮ ಬೇಸಿಗೆ ನಲವತ್ತು ಡಿಗ್ರಿ ದಾಟುವಂತಹದು. ತಗಡಿನ ಮಾಡಿನ ಕೆಳಗೆ ಒಂದರ ಮೇಲೊಂದು ಒಟ್ಟಿದ ತಟ್ಟೆಗಳು ಸೊಟ್ಟಗಾಗುವುದು ಖಂಡಿತ. ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸಿ, ಗೆದ್ದಲು ತಾಗದ ಕಡೆ, ನೆರಳಿನಲ್ಲಿಡಿರಿ. ಒಡೆದ ತಟ್ಟೆಯನ್ನೂ ಎಸೆಯುವ ಮುನ್ನ ಲೇಬಲ್ಲಿನ ಮೇಲಿರುವ ಹಾಡಿದವರ ಹೆಸರನ್ನೂ ಕಂಪನಿಯ ಸಂಖ್ಯೆಯನ್ನೂ ಮಕ್ಕಳ ಕೈಯಿಂದ ಒಂದು ನೋಟುಬುಕ್ಕಿನಲ್ಲಿ ಬರೆಯಿಸಿ, ಕೊಂಡವರ ಹೆಸರನ್ನೂ ಪಕ್ಕದಲ್ಲಿ ಸೇರಿಸಿರಿ. ಆ ಸಂಖ್ಯೆ ಒಂದಿದ್ದರೆ ಅದೇ ತಟ್ಟೆಯ ಇನ್ನೊಂದು ಪ್ರತಿ ಯಾರಾದರೂ ಸಂಗ್ರಾಹಕರ ಕಪಾಟಿನಲ್ಲಿ ಸಿಕ್ಕುವುದುಂಟು.