ಹಿತ್ತಲ ಹೂವಿಗೆ ಎರಡು ಲೆಕ್ಕ

ಹಿತ್ತಲಲ್ಲಿ ಕೊಯ್ಯುವುದಕ್ಕೆಂದೇ ಹೂ ಬೆಳೆಯುವವರಲ್ಲಿ ಎರಡು ಪಂಗಡ. ದಾಸವಾಳ, ನಂದಿಬಟ್ಟಲು, ಮಲ್ಲಿಗೆ ಒಮ್ಮೆ ನೆಟ್ಟು ವರ್ಷಗಟ್ಟಲೆ ಕೊಯ್ದುಕೊಳ್ಳುವವರು ಒಂದು ಕಡೆ. ಪ್ರತಿ ಸಲ ಬೀಜ ಹಾಕಿ ಚೆಂಡುಹೂ, ಆಸ್ಟರ್, ಝಿನಿಯಾ ಎಬ್ಬಿಸುವವರು ಇನ್ನೊಂದು ಕಡೆ. ಮೊದಲನೆಯವರ ದೇವರಕೋಣೆಗೆ ದಿನವೂ ನಾಲ್ಕು ಹೂ ತಪ್ಪುವುದಿಲ್ಲ, ಆದರೆ ಆಯುಧಪೂಜೆಗೆ ಬಾಗಿಲಿಗೆ ಕಟ್ಟಲು ಒಂದು ಮಾರು ಹಾರ ಬೇಕೆಂದರೆ ಪೇಟೆಗೇ ಹೋಗಬೇಕು. ಎರಡನೆಯವರಿಗೆ ಒಂದು ತಿಂಗಳು ಬುಟ್ಟಿ ತುಂಬ ಹೂ, ಮರುತಿಂಗಳು ಬರೀ ಮಣ್ಣು. ಇಬ್ಬರೂ ಅರ್ಧ ತೋಟವನ್ನಷ್ಟೇ ಮಾಡಿದ್ದಾರೆ ಎಂಬುದು ನನ್ನ ವಾದ. ಪೊದೆಗಿಡ ಮತ್ತು ಋತುವಿನ ಗಿಡ ಒಂದೇ ಮಣ್ಣಿನಲ್ಲಿ ಇರಬೇಕು. ಕಣ್ಣಿಗೆ ಚೆಂದ ಎಂಬುದು ಇದಕ್ಕೆ ಸಣ್ಣ ಕಾರಣ. ಒಂದು ದಣಿಯುವ ಹೊತ್ತಿಗೆ ಇನ್ನೊಂದು ದುಡಿಯುತ್ತದೆ ಎಂಬುದು ದೊಡ್ಡ ಕಾರಣ.

ದುಂಡುಮಲ್ಲಿಗೆಯನ್ನೇ ನೋಡಿ. ಬಯಲುಸೀಮೆಯಲ್ಲಿ ಅದನ್ನು ಸವರುವುದು ನವೆಂಬರ್ ಕೊನೆಗೆ. ಅದಕ್ಕೆ ಮೊದಲು ನೀರು ನಿಲ್ಲಿಸಿ ಗಿಡವನ್ನು ಒಣಗಲು ಬಿಡುತ್ತಾರೆ. ಸವರಿದ ಮೇಲೆ ಗೊಬ್ಬರ ಕೊಟ್ಟು ನೀರು ಹಾಯಿಸಿದರೆ ಹೊಸ ಚಿಗುರಿನ ತುದಿಯಲ್ಲಿ ಮೊಗ್ಗು ಬರುತ್ತದೆ. ಮಾರ್ಚ್‌ನಿಂದ ಜೂನ್-ಜುಲೈವರೆಗೆ ಸುಗ್ಗಿ. ಮಳೆ ಹಿಡಿದ ಮೇಲೆ ಗಿಡಕ್ಕೆ ಸೊಪ್ಪಿನದೇ ಸಂಭ್ರಮ, ಹೂ ಅಲ್ಲೊಂದು ಇಲ್ಲೊಂದು. ಈಗ ಚೆಂಡುಹೂವಿನ ಲೆಕ್ಕ. ಜುಲೈ ಮೊದಲಲ್ಲಿ ಒಟ್ಟಲು ಹಾಕಿದರೆ ಮೂರು-ನಾಲ್ಕು ವಾರಕ್ಕೆ ಸಸಿ ಕಿತ್ತು ನೆಡಬಹುದು; ಅಲ್ಲಿಂದ ಸುಮಾರು ಎರಡು ತಿಂಗಳಿಗೆ ಹೂ. ನಡುವೆ ಕುಡಿ ಚಿವುಟಿದರೆ ಹೂ ತುಸು ತಡ, ಆದರೆ ಕವಲು ಹೆಚ್ಚು. ಮಲ್ಲಿಗೆ ಕೈಕೊಟ್ಟ ತಿಂಗಳುಗಳಲ್ಲೇ ಚೆಂಡುಹೂ ಬೆಳೆದು, ದಸರಾ ದೀಪಾವಳಿ ಮುಗಿಸಿ, ನವೆಂಬರ್ ನಡುವಿಗೆ ಕೀಳಲು ಸಿದ್ಧವಾಗುತ್ತದೆ. ಮಲ್ಲಿಗೆಗೆ ನೀರು ನಿಲ್ಲಿಸಬೇಕಾದದ್ದೂ ಆಗಲೇ. ಪಕ್ಕದ ಪಾತಿಯಲ್ಲಿ ಆಗ ನೀರು ಬೇಡುವ ಗಿಡ ಇಲ್ಲದಿರುವುದು ಇಲ್ಲಿ ಮುಖ್ಯ. ಅದೇ ಜಾಗಕ್ಕೆ ಅಕ್ಟೋಬರ್‌ನಲ್ಲಿ ಆಸ್ಟರ್ ನೆಟ್ಟವರು ನವೆಂಬರ್‌ನಲ್ಲಿ ಮಲ್ಲಿಗೆಯನ್ನೂ ಒಣಗಿಸಲಾರರು, ಆಸ್ಟರನ್ನೂ ಉಳಿಸಲಾರರು.

ಕನಕಾಂಬರದ ವಿಷಯದಲ್ಲಿ ಈ ಸಹವಾಸಕ್ಕೆ ಇನ್ನೂ ಗಟ್ಟಿ ಆಧಾರವಿದೆ. ಕನಕಾಂಬರಕ್ಕೆ ಬೇರಿನ ಜಂತುಹುಳುವಿನ ಕಾಟ ಬಹಳ. ಜಂತು ಕೊರೆದ ಬೇರಿಗೆ ಸೊರಗು ರೋಗದ ಶಿಲೀಂಧ್ರವೂ ಸುಲಭವಾಗಿ ಹತ್ತುತ್ತದೆ. ಚೆಂಡುಹೂವಿನ ಬೇರಿನಲ್ಲಿರುವ ಕೆಲವು ರಾಸಾಯನಿಕಗಳು ಈ ಜಂತುಗಳಲ್ಲಿ ಹಲವನ್ನು ಹತ್ತಿಕ್ಕುತ್ತವೆ ಎಂಬುದು ತೋಟಗಾರಿಕೆಯಲ್ಲಿ ಬಹುಕಾಲದಿಂದ ತಿಳಿದ ಮಾತು. ಆದರೆ ಕನಕಾಂಬರದ ಸಾಲಿನ ತುದಿಯಲ್ಲಿ ಎರಡು ಚೆಂಡುಹೂ ಗಿಡ ನಿಲ್ಲಿಸಿ ಕಾಪಾಡಪ್ಪಾ ಎಂದರೆ ಆಗದು. ಪಾತಿ ತುಂಬ ಒತ್ತಾಗಿ ಒಂದಿಡೀ ಬೆಳೆ ಬೆಳೆದ ಮೇಲೆ ಅಲ್ಲಿ ಕನಕಾಂಬರ ನೆಟ್ಟರೆ ಗುಣ ಕಾಣಬಹುದು. ಆಸ್ಟರ್‌ನದು ಇದಕ್ಕೆ ಪೂರ್ತಿ ತಿರುವುಮುರುವು. ಅದರ ಸೊರಗು ರೋಗ ಮಣ್ಣಿನಲ್ಲೇ ಉಳಿದುಕೊಳ್ಳುವುದರಿಂದ ಒಂದೇ ಪಾತಿಯಲ್ಲಿ ಮೇಲಿಂದ ಮೇಲೆ ಹಾಕುವ ಹಾಗಿಲ್ಲ. ಹೀಗಾಗಿ ಪೊದೆಗಳು ನಿಂತಲ್ಲೇ ನಿಂತಿರುತ್ತವೆ, ಋತುವಿನ ಗಿಡಗಳು ಅವುಗಳ ನಡುವೆ ಸುತ್ತುತ್ತಿರಬೇಕು.

ಪೊದೆಗಳ ಬೇರು ಗೊಬ್ಬರವನ್ನೆಲ್ಲ ನುಂಗುತ್ತದೆ, ನೆರಳು ಸಣ್ಣ ಗಿಡಗಳನ್ನು ಕೊಲ್ಲುತ್ತದೆ ಎಂಬ ಆಕ್ಷೇಪ ಸುಳ್ಳಲ್ಲ. ದಾಸವಾಳದ ಬುಡದಲ್ಲೇ ಝಿನಿಯಾ ಬಿತ್ತಿದರೆ ಗಿಡ ಉದ್ದಕ್ಕೆ ಸೊರಗಿ ಬಾಗುತ್ತದೆ, ಎಲೆಗೆ ಬೂದಿರೋಗವೂ ಹತ್ತಬಹುದು. ಇದಕ್ಕೆ ಉತ್ತರ ಗಿಡ ನಿಲ್ಲಿಸುವ ದಿಕ್ಕಿನಲ್ಲಿದೆ. ಎತ್ತರದ್ದನ್ನು ಉತ್ತರಕ್ಕೆ ನೆಡಿ ಎಂದು ಶೀತದೇಶದ ಪುಸ್ತಕಗಳು ಹೇಳುತ್ತವೆ. ಅಲ್ಲಿ ಸೂರ್ಯ ಸದಾ ದಕ್ಷಿಣಕ್ಕೆ ವಾಲಿರುತ್ತಾನೆ. ನಮ್ಮಲ್ಲಿ ಮೇ-ಜೂನ್-ಜುಲೈಯ ನಡುಹಗಲಿನಲ್ಲಿ ಅವನು ನೆತ್ತಿ ದಾಟಿ ಉತ್ತರಕ್ಕೇ ಹೋಗಿರುತ್ತಾನೆ. ಇಲ್ಲಿಗೆ ಒಪ್ಪುವುದು ಪಶ್ಚಿಮದ ಅಂಚು: ಬೆಳಗಿನ ಬಿಸಿಲೆಲ್ಲ ಪಾತಿಗೆ, ಇಳಿಹೊತ್ತಿನ ಉರಿ ಪೊದೆಗೆ. ನಡುವೆ ಮೂರಡಿಯಾದರೂ ಬಿಡಬೇಕು. ಅಷ್ಟು ಜಾಗ ಇಲ್ಲದವರು ಋತುವಿನ ಗಿಡಗಳನ್ನು ಕುಂಡಕ್ಕೆ ಹಾಕಿದರೂ ನಡೆಯುತ್ತದೆ.

ಸೇವಂತಿಗೆಯನ್ನು ಯಾವ ಲೆಕ್ಕಕ್ಕೆ ಸೇರಿಸಬೇಕು ಎಂಬುದು ತಕರಾರಿನ ವಿಷಯ. ಬುಡದ ಕಂದು ಕಿತ್ತು ನೆಡುವುದರಿಂದ ಅದು ವರ್ಷದ ಗಿಡವಲ್ಲ, ಆದರೆ ತೋಟದಲ್ಲಿ ನಡೆದುಕೊಳ್ಳುವುದು ಹಾಗೆಯೇ. ರಾತ್ರಿ ಉದ್ದವಾದ ಮೇಲೆಯೇ ಅದು ಮೊಗ್ಗು ಕಟ್ಟುವುದು. ಹೂವನ್ನು ಮುಂದೂಡಲು ರೈತರು ಹೊಲದಲ್ಲಿ ರಾತ್ರಿ ಬಲ್ಬು ಉರಿಸುವುದು ಇದೇ ಗುಟ್ಟು ಹಿಡಿದು. (ಬೀದಿದೀಪದ ಕೆಳಗಿನ ಸೇವಂತಿಗೆ ಹೂ ಬಿಡದೆ ಸತಾಯಿಸಿದರೆ ಗೊಬ್ಬರವನ್ನು ಬೈಯಬೇಡಿ.) ಹಬ್ಬಗಳಾದರೋ ಚಂದ್ರನ ಲೆಕ್ಕದವು. ಆಯುಧಪೂಜೆ 2025ರಲ್ಲಿ ಅಕ್ಟೋಬರ್ 1ಕ್ಕೆ. ಅಧಿಕಮಾಸವಿರುವ 2026ರಲ್ಲಿ ಅದು ಅಕ್ಟೋಬರ್ ಮೂರನೇ ವಾರಕ್ಕೆ. ಸೇವಂತಿಗೆ ಈ ಏರುಪೇರಿಗೆ ಜಗ್ಗುವುದಿಲ್ಲ. ಪಂಚಾಂಗ ನೋಡಿ ಬೀಜ ಹಾಕುವ ದಿನವನ್ನು ಹಿಂದೆ ಮುಂದೆ ಮಾಡಬಹುದಾದದ್ದು ಚೆಂಡುಹೂ, ಝಿನಿಯಾಗಳಿಗೆ ಮಾತ್ರ. ಪೊದೆಗಳೇ ಸಾಕು, ಪ್ರತಿ ಸಲ ಬೀಜದ ಗೊಡವೆ ಯಾರಿಗೆ ಬೇಕು ಎನ್ನುವವರಿಗೆ ನನ್ನ ಉತ್ತರ ಇದೇ. ಶ್ರಮ ಹೆಚ್ಚು, ಒಪ್ಪಿದೆ. ಆದರೆ ಅದು ಒಂದೆರಡು ಪಾತಿಯ ಶ್ರಮ; ಮಿಕ್ಕ ನೆಲವನ್ನು ಪೊದೆಗಳು ತಾವೇ ನೋಡಿಕೊಳ್ಳುತ್ತವೆ. ಎರಡರಲ್ಲಿ ಹೆಚ್ಚು ಜಾಗ ಪೊದೆಗಳಿಗೇ ಸಲ್ಲಬೇಕು.

ಕರಾವಳಿಯಲ್ಲಿ ಮಾತ್ರ ಮೇಲೆ ಹೇಳಿದ ತಿಂಗಳುಗಳು ತಲೆಕೆಳಗಾಗುತ್ತವೆ. ಉಡುಪಿಯ ಜುಲೈ ಮಳೆಯಲ್ಲಿ ಚೆಂಡುಹೂವಿನ ಎಳೆಸಸಿ ಕೊಳೆತೇ ಹೋದೀತು. ಅಲ್ಲಿ ಬಿತ್ತನೆ ಸೆಪ್ಟೆಂಬರ್ ಕೊನೆಗೆ, ಹೂ ಡಿಸೆಂಬರ್‌ಗೆ. ಆಯುಧಪೂಜೆಯ ಆಸೆ ಬಿಡಬೇಕು. ಆದರೂ ಜೋಡಿ ಮುರಿಯುವುದಿಲ್ಲ. ಚಳಿಗೆ ಶಂಕರಪುರ ಮಲ್ಲಿಗೆಯ ಇಳುವರಿ ಕುಸಿದು ಅಟ್ಟೆಯ (ಹೂ ಮಾರುವ ಕಟ್ಟಿನ) ದರ ಏರುವ ಆ ದಿನಗಳಲ್ಲಿ ಇದ್ದಬದ್ದ ಮೊಗ್ಗನ್ನೆಲ್ಲ ಮಾರಾಟಕ್ಕೆ ಕಟ್ಟಿ, ಮನೆಯ ದೇವರಿಗೆ ಪಾತಿಯ ಚೆಂಡುಹೂ ಏರಿಸಬಹುದು.