ಸಿಗ್ನಲ್ ಕಡಿದಲ್ಲೇ ಆ್ಯಪ್‌ಗೆ ಪರೀಕ್ಷೆ

ಕನಕಪುರ ತಾಲ್ಲೂಕಿನ ಸಾತನೂರಿನಿಂದ ದೊಡ್ಡಆಲಹಳ್ಳಿ ದಾಟಿ ಸಂಗಮದ ಕಡೆಗೆ ಹೋದಂತೆ ಗುಡ್ಡ, ಕಾಡು ಹತ್ತಿರವಾಗುತ್ತವೆ. ಇಂಥ ಕಡೆ ಗುಡ್ಡ ಅಡ್ಡ ಬಂದರೆ ಮೊಬೈಲ್ ಸಿಗ್ನಲ್ ಕಡಿಯುತ್ತದೆ, ತಿರುವು ದಾಟಿದರೆ ಮತ್ತೆ ಸಿಗುತ್ತದೆ. ಹೊಲದ ಬದುವಿನಲ್ಲಿ ಬೆಳೆ ಸಮೀಕ್ಷೆಯ ಫೋಟೊ ತೆಗೆಯುವವರಿಗೂ, ನರೇಗಾ ಕಾಮಗಾರಿಯಲ್ಲಿ ಹಾಜರಿ ಹಾಕುವ ಕಾಯಕ ಬಂಧುವಿಗೂ ಇದು ತಲೆನೋವು. 2023ರ ಜನವರಿ 1ರಿಂದ ನರೇಗಾ ಹಾಜರಿಗೆ ಮೊಬೈಲ್ ಆ್ಯಪ್ ಕಡ್ಡಾಯವಾಯಿತು. ಫೋಟೊ ಹೋಗದಿದ್ದರೆ ಕುತ್ತು ಬರುವುದು ಕೂಲಿಗೆ.

ಈ ತೊಡಕಿಗೆ ಹಳೆಯ ಮೈಸೂರು ಸೀಮೆಯಲ್ಲೇ ಒಂದು ಪ್ರಯೋಗ ನಡೆದಿತ್ತು. ಕನಕಪುರವೂ ದೊಡ್ಡಬಳ್ಳಾಪುರವೂ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲೇ ಇದ್ದ ಕಾಲವದು. ದೊಡ್ಡಬಳ್ಳಾಪುರ ತಾಲ್ಲೂಕಿನ ಸರ್ಕಾರಿ ಬಸ್ಸಿನಲ್ಲಿ ‘ಡಾಕ್‌ನೆಟ್’ ಎಂಬ ವೈಫೈ ಪೆಟ್ಟಿಗೆ ಕೂರಿಸಿದರು. ಹಳ್ಳಿಯ ಕಿಯಾಸ್ಕ್‌ನಲ್ಲಿ ‘ಭೂಮಿ’ ಯೋಜನೆಯ ಪಹಣಿಗೆ ಹಾಕಿದ ಅರ್ಜಿ, ಬಸ್ಸು ಬಂದಾಗ ಪೆಟ್ಟಿಗೆಗೆ ಏರುತ್ತಿತ್ತು. ತಾಲ್ಲೂಕು ಕೇಂದ್ರದಲ್ಲಿ ಇಳಿಯುತ್ತಿತ್ತು. ಉತ್ತರ ಬರುವುದೂ ಬಸ್ಸಿನಲ್ಲೇ. 2004ರ ಜನವರಿಯಲ್ಲಿ ಪ್ರಕಟವಾದ ವರದಿಯ ಪ್ರಕಾರ ಒಂದು ಸಲಕ್ಕೆ ಸಂಪರ್ಕ ಸಿಗುತ್ತಿದ್ದದ್ದು ಸರಾಸರಿ 2 ನಿಮಿಷ 34 ಸೆಕೆಂಡ್; ಅಷ್ಟರಲ್ಲೇ ಸುಮಾರು 21 ಎಂಬಿ ಮಾಹಿತಿ ದಾಟುತ್ತಿತ್ತು.

ಕೂಡಿಡು, ಹೊತ್ತೊಯ್ಯಿ, ತಲುಪಿಸು: ಬಾಹ್ಯಾಕಾಶ ನೌಕೆಗಳ ಸಂಪರ್ಕಕ್ಕೂ ಇದೇ ಸೂತ್ರ. 2007ರಲ್ಲಿ ಇದಕ್ಕೆ ‘ಬಂಡಲ್ ಪ್ರೋಟೊಕಾಲ್’ ಎಂಬ ನಿಯಮಾವಳಿ ಬಂತು.

ಹಾಜರಿಯ ಆ್ಯಪ್ ಕೂಡ ಹೀಗೆಯೇ ಕೂಡಿಟ್ಟು, ಸಿಗ್ನಲ್ ಸಿಕ್ಕಾಗ ಕಳಿಸಬೇಕು. ಹಾಗಾದರೆ ಅದನ್ನು ಪರೀಕ್ಷಿಸುವುದು ಹೇಗೆ? ಏರೋಪ್ಲೇನ್ ಮೋಡ್ ಒತ್ತಿ ನೋಡುವುದು ಸುಲಭ. ಅದರಿಂದ ತಿಳಿಯುವುದೂ ಕಡಿಮೆ. ಕಾಡುವುದು ಅರ್ಧಂಬರ್ಧ ಸಂಪರ್ಕ: ಗೀಟುಗಳು ಕಾಣುತ್ತವೆ, ಡೇಟಾ ಹೋಗುವುದಿಲ್ಲ. ಅದಕ್ಕಿಂತ ಕೆಟ್ಟದ್ದು, ಹಾಜರಿ ಸರ್ವರ್‌ಗೆ ತಲುಪಿ, ‘ತಲುಪಿತು’ ಎಂಬ ಮರುಮಾತು ದಾರಿಯಲ್ಲೇ ಕಳೆದುಹೋಗುವುದು. ಫೋನ್ ಮತ್ತೆ ಕಳಿಸುತ್ತದೆ, ಒಬ್ಬರ ಹಾಜರಿ ಎರಡಾಗುತ್ತದೆ. ಪ್ರತಿ ದಾಖಲೆಗೂ ಫೋನಿನಲ್ಲೇ ಒಂದು ಗುರುತಿನ ಸಂಖ್ಯೆ ಕೊಟ್ಟರೆ ಸರ್ವರ್ ಎರಡನೆಯದನ್ನು ಕೈಬಿಡಬಲ್ಲದು. ಹಾಗೆಯೇ ಅಪ್‌ಲೋಡ್ ಅರ್ಧದಲ್ಲಿರುವಾಗ ಬ್ಯಾಟರಿ ತೆಗೆದಂತೆ ಫೋನ್ ಆರಿಸಬೇಕು, ಗಡಿಯಾರ ಹಿಂದಕ್ಕೆ ತಿರುಗಿಸಬೇಕು, ಮೆಮೊರಿ ತುಂಬಿಸಬೇಕು. ಇಷ್ಟಾದ ಮೇಲೂ ಫೋಟೊ ತೆಗೆದ ಹೊತ್ತು, ಜಾಗ ಸರಿಯಾಗಿಯೇ ಉಳಿದಿವೆಯೇ ಎಂದು ನೋಡಬೇಕು.

ಬೆಂಗಳೂರಿನ ಮೇಜಿನ ಮೇಲೆ ಇದನ್ನೆಲ್ಲ ಸಿಮ್ಯುಲೇಟರ್‌ನಲ್ಲಿ ಮಾಡಬಹುದು. ಯಾವಾಗ ಕಡಿಯಬೇಕೆಂದು ಅಲ್ಲಿ ನಾವೇ ನಿರ್ಧರಿಸುತ್ತೇವೆ. ಗುಡ್ಡ ಹಾಗಲ್ಲ. ಇಲಾಖೆಗಳು ಆ್ಯಪ್ ಒಪ್ಪಿಕೊಳ್ಳುವ ಮುನ್ನ, ಅಗ್ಗದ ಫೋನಿನಲ್ಲಿ ಸಾತನೂರಿನಂಥ ಹೋಬಳಿಯಲ್ಲಿ ಒಂದು ದಿನದ ಕೆಲಸ ಮಾಡಿಸಿ, ಸಂಜೆ ಫೋನಿನ ಲೆಕ್ಕಕ್ಕೂ ಸರ್ವರಿನ ಲೆಕ್ಕಕ್ಕೂ ತಾಳೆ ನೋಡಲಿ. ತಾಳೆಯಾಗದಿದ್ದರೆ ಬಿಲ್ ನಿಲ್ಲಬೇಕಾದ್ದು ಆ್ಯಪ್ ಮಾಡಿದವರದು, ಕೂಲಿಯವರದಲ್ಲ.