ಹೆದರಿಕೆ ಇದ್ದರೂ ಹೆಜ್ಜೆ ಇಡಿ

ಮಗಳ ಓದು ನಿಲ್ಲಿಸುತ್ತಾರೆಂದು ಗೊತ್ತಿದ್ದೂ ಹಿರಿಯರೆದುರು ಬಾಯಿ ಬರುತ್ತಿಲ್ಲವೇ? ಯೆಹೂದ್ಯರ ಎಸ್ತೇರಳ ಕಥೆ ಕೇಳಿ.

ಪರ್ಷಿಯಾದ ರಾಣಿ ಅವಳು. ಅವಳ ಜನರನ್ನೆಲ್ಲ ಕೊಲ್ಲಲು ಮಂತ್ರಿ ಹಾಮಾನ ಆಜ್ಞೆ ಹೊರಡಿಸಿದ್ದ. ಕರೆಯದೆ ರಾಜನೆದುರು ಹೋದವರಿಗೆ ಸಾವೇ ಗತಿ. ರಾಜ ಚಿನ್ನದ ದಂಡ ಚಾಚಿದರಷ್ಟೇ ಉಳಿವು. ಎಸ್ತೇರಳಿಗೂ ಭಯವಾಯಿತು. ತನಗಾಗಿ 3 ದಿನ ಉಪವಾಸವಿರಿ ಎಂದು ಊರಿನ ತನ್ನವರನ್ನು ಕೇಳಿಕೊಂಡಳು, ತಾನೂ ಉಪವಾಸವಿದ್ದಳು. ಆಮೇಲೆ ರಾಣಿಯ ಉಡುಪು ತೊಟ್ಟು ಹೋಗಿ ನಿಂತಳು.

ರಾಜ ದಂಡ ಚಾಚಿದ. ಆಗಲೂ ಅವಸರಪಡಲಿಲ್ಲ, ಊಟಕ್ಕೆ ಕರೆದಳು! ಎರಡನೆಯ ಔತಣದಲ್ಲಿ ಬೇಡಿಕೆ ಇಟ್ಟಳು. ಜನ ಉಳಿದರು. ಪೂರಿಮ್ ಹಬ್ಬದಲ್ಲಿ ಇಂದಿಗೂ ಈ ಕಥೆ ಓದುತ್ತಾರೆ. ಹೆಂಗಸರೂ ಕೇಳಲೇಬೇಕೆನ್ನುತ್ತದೆ ತಾಲ್ಮುಡ್.

ಭಯ ಹೋಗಲೆಂದು ಕಾಯಬೇಡಿ. ನಂಬಿಕೆಯವರ ಬೆಂಬಲ ಕೇಳಿ, ದಿನ ಗೊತ್ತುಮಾಡಿ, ಹದ ನೋಡಿ ಮಾತಾಡಿ.